ಫ್ಯೂಷನ್ ವಿದ್ಯುತ್ತು ರಾಜ್ಯದ ಕಾನೂನಿನಲ್ಲಿ ‘ನವೀಕರಿಸಬಹುದಾದ ಇಂಧನ’ವೇ? ಪದೇ ಪದೇ ಕೇಳುವ ಪ್ರಶ್ನೆಗಳು

ಹಗುರ ಪರಮಾಣುಗಳ ಬೀಜಗಳನ್ನು ಬೆಸೆದು ಶಕ್ತಿ ಪಡೆಯುವುದೇ ಫ್ಯೂಷನ್. ಕನ್ನಡ ಪಠ್ಯಪುಸ್ತಕಗಳಲ್ಲಿ ಇದನ್ನು ಬೈಜಿಕ ಸಮ್ಮಿಲನ ಎನ್ನುತ್ತಾರೆ. ಈ ವಿದ್ಯುತ್ತನ್ನು ಕಾನೂನಿನ ಯಾವ ಪಟ್ಟಿಗೆ ಸೇರಿಸಬೇಕು ಎಂಬ ಪ್ರಶ್ನೆ ಸದ್ಯ ಬಿಸಿಯಾಗಿರುವುದು ಅಮೆರಿಕದ ರಾಜ್ಯ ಶಾಸನಸಭೆಗಳಲ್ಲಿ. ಹಾಗಾಗಿ ಇಲ್ಲಿನ ಹೆಚ್ಚಿನ ಉತ್ತರಗಳು ಅಲ್ಲಿನ ಕಾನೂನಿನ ಕುರಿತವು. ಕರ್ನಾಟಕದಲ್ಲಿ ಹೀಗೆ ಮಾಡಬಹುದೇ ಎಂದು ಕೇಳುವವರಿಗೂ ಕೊನೆಯ ಭಾಗದಲ್ಲಿ ಉತ್ತರವಿದೆ.

ಗ್ರಿಡ್ಡಿಗೆ ವಿದ್ಯುತ್ ಕೊಡುವ ಒಂದು ಫ್ಯೂಷನ್ ಸ್ಥಾವರವೂ ಇಲ್ಲ. ಕಾನೂನಿನ ಮಾತು ಈಗಲೇ ಯಾಕೆ?

ಸಾಲ ಕೊಡುವವರೂ ವಿದ್ಯುತ್ ಕೊಳ್ಳುವವರೂ ಈಗಲೇ ಲೆಕ್ಕ ಹಾಕುತ್ತಿದ್ದಾರೆ. 2023ರ ಮೇ ತಿಂಗಳಲ್ಲಿ ಹೀಲಿಯನ್ ಕಂಪನಿ 2028ರ ಹೊತ್ತಿಗೆ ಕನಿಷ್ಠ 50 ಮೆಗಾವ್ಯಾಟ್ ಕೊಡುವುದಾಗಿ ಮೈಕ್ರೋಸಾಫ್ಟ್ ಜೊತೆ ಒಪ್ಪಂದ ಮಾಡಿಕೊಂಡಿತು. ಅದರ ಸ್ಥಾವರದ ಜಾಗ ವಾಷಿಂಗ್ಟನ್ ರಾಜ್ಯದ ಶೆಲಾನ್ ಕೌಂಟಿಯ ಮಲಾಗಾ. ಕಾಮನ್‌ವೆಲ್ತ್ ಫ್ಯೂಷನ್ ಸಿಸ್ಟಮ್ಸ್ ವರ್ಜೀನಿಯಾದ ಚೆಸ್ಟರ್‌ಫೀಲ್ಡ್ ಕೌಂಟಿಯಲ್ಲಿ ಸುಮಾರು 400 ಮೆಗಾವ್ಯಾಟ್‌ನ ‘ಆರ್ಕ್’ ಸ್ಥಾವರವನ್ನು 2030ರ ದಶಕದ ಆರಂಭದಲ್ಲಿ ಕಟ್ಟುವುದಾಗಿ 2024ರ ಡಿಸೆಂಬರಿನಲ್ಲಿ ಪ್ರಕಟಿಸಿತು. ಹೇಳಿದ ದಿನಕ್ಕೆ ಇವು ನಡೆಯುತ್ತವೆಯೋ ಇಲ್ಲವೋ, ಕೊಳ್ಳುವವರ ಪ್ರಶ್ನೆ ಮಾತ್ರ ಇಂದಿನದು: ರಾಜ್ಯ ನಮ್ಮ ಮೇಲೆ ಹೇರಿರುವ ಶುದ್ಧ ವಿದ್ಯುತ್ತಿನ ಗುರಿಗೆ ಈ ಯೂನಿಟ್ ಜಮೆಯಾಗುತ್ತದೆಯೇ? ಜಮೆಯಾದರೆ ಯೂನಿಟ್ಟಿಗೆ ಒಂದು ಬೆಲೆ, ಆಗದಿದ್ದರೆ ಇನ್ನೊಂದು.

ಇಂಧನ ಸಮುದ್ರದ ನೀರಿನಿಂದ ಬರುತ್ತದೆ ಅನ್ನುತ್ತಾರೆ. ಅಂದಮೇಲೆ ನವೀಕರಿಸಬಹುದಾದದ್ದೇ ಅಲ್ಲವೇ?

ಕೆರೆ ಪ್ರತಿ ಮಳೆಗಾಲಕ್ಕೆ ತುಂಬುತ್ತದೆ. ಸಮುದ್ರ ಎಷ್ಟು ಮೊಗೆದರೂ ಬರಿದಾಗುವುದಿಲ್ಲ. ಮೊದಲನೆಯದು ನವೀಕರಣ, ಎರಡನೆಯದು ಅಕ್ಷಯ. ಫ್ಯೂಷನ್ ಹೆಚ್ಚೆಂದರೆ ಎರಡನೆಯ ಬಗೆಗೆ ಸೇರುತ್ತದೆ. ಭಾರತ ಸರ್ಕಾರವೇ ನವೀಕರಿಸಬಹುದಾದ ಇಂಧನವನ್ನು ‘ಅಕ್ಷಯ ಊರ್ಜಾ’ ಎಂದು ಕರೆಯುವುದರಿಂದ ನಮ್ಮವರಿಗೆ ಈ ಗೊಂದಲ ಇನ್ನಷ್ಟು ಸಹಜ.

ಈಗ ಲೆಕ್ಕಕ್ಕೆ ಬನ್ನಿ. ಒಂದು ಘನ ಮೀಟರ್ ನೀರಿನಲ್ಲಿ ಸುಮಾರು 33 ಗ್ರಾಂ ಡ್ಯೂಟೀರಿಯಂ ಎಂಬ ಭಾರದ ಜಲಜನಕ ಇದೆ, ಅದಕ್ಕೆ ಕೊರತೆಯಿಲ್ಲ. ಆದರೆ ಹೆಚ್ಚಿನ ವಿನ್ಯಾಸಗಳಿಗೆ ಜೊತೆಗೆ ಟ್ರಿಟಿಯಂ ಎಂಬ ಇನ್ನೂ ಭಾರದ, ವಿಕಿರಣಶೀಲ ಜಲಜನಕ ಬೇಕು. ಅದರ ಅರ್ಧಾಯುಷ್ಯ 12.3 ವರ್ಷ, ಅಂದರೆ ಕೂಡಿಟ್ಟರೂ ವರ್ಷಕ್ಕೆ ಶೇ 5.5ರಷ್ಟು ತಾನಾಗಿ ಕರಗುತ್ತದೆ. 1,000 ಮೆಗಾವ್ಯಾಟ್ ಫ್ಯೂಷನ್ ಶಾಖವನ್ನು ಒಂದು ವರ್ಷ ಬಿಡದೆ ಪಡೆಯಲು ಸುಮಾರು 55 ಕಿಲೋ ಟ್ರಿಟಿಯಂ ಸುಡಬೇಕು. ನಾಗರಿಕ ಬಳಕೆಗೆ ಇಡೀ ಜಗತ್ತಿನಲ್ಲಿರುವ ದಾಸ್ತಾನು ಅದರ ಅರ್ಧದ ಆಸುಪಾಸು, ಅದೂ ಬಹುಪಾಲು ಭಾರಜಲ ರಿಯಾಕ್ಟರುಗಳ ಉಪ ಉತ್ಪನ್ನ. ಹಾಗಾಗಿ ಸ್ಥಾವರವೇ ತನ್ನ ಸುತ್ತಿನ ಲಿಥಿಯಂ ಹೊದಿಕೆಯಲ್ಲಿ ಟ್ರಿಟಿಯಂ ಹುಟ್ಟಿಸಿಕೊಳ್ಳಬೇಕು. ಲಿಥಿಯಂ ಗಣಿಯಿಂದ ಬರುವ ವಸ್ತು, ಅದರಲ್ಲಿ ಈ ಕೆಲಸಕ್ಕೆ ಮುಖ್ಯವಾಗಿ ಬೇಕಾದ ಲಿಥಿಯಂ-6 ಶೇ 7.5ರಷ್ಟು ಮಾತ್ರ. ‘ನೈಸರ್ಗಿಕವಾಗಿ ಮರುಪೂರಣಗೊಳ್ಳುವ ಮೂಲ’ ಎಂಬ ಮಾತನ್ನು ಅಳತೆಗೋಲಾಗಿ ಇಟ್ಟುಕೊಂಡ ಕಾನೂನಿನ ಮುಂದೆ ಫ್ಯೂಷನ್ ಪರ ವಕೀಲರಿಗೆ ಕಷ್ಟವಾಗುವುದು ಇಲ್ಲೇ.

ಹಾಗಾದರೆ ಉತ್ತರ ‘ಅಲ್ಲ’ ಎಂದೇ?

ವಿಜ್ಞಾನದ ಪ್ರಕಾರ ಅಲ್ಲ. ಕಾನೂನಿನಲ್ಲಿ ಹಾಗೆ ಒಂದೇ ಮಾತಿನಲ್ಲಿ ಹೇಳಲಾಗದು. ಶಾಸನಸಭೆ ಒಂದು ಪದಕ್ಕೆ ಕೊಟ್ಟ ಅರ್ಥವೇ ಆ ಕಾಯ್ದೆಯ ಮಟ್ಟಿಗೆ ಅಂತಿಮ. ಕಸ ಸುಟ್ಟು ಮಾಡಿದ ವಿದ್ಯುತ್ತು ಎಷ್ಟೋ ರಾಜ್ಯಗಳಲ್ಲಿ ನವೀಕರಿಸಬಹುದಾದದ್ದು. ಕ್ಯಾಲಿಫೋರ್ನಿಯಾದ ಪಟ್ಟಿಯಲ್ಲಿ ಜಲವಿದ್ಯುತ್ತು ಸಾಮಾನ್ಯವಾಗಿ 30 ಮೆಗಾವ್ಯಾಟ್ ಒಳಗಿದ್ದರೆ ಮಾತ್ರ ಅರ್ಹ, ಅದಕ್ಕಿಂತ ದೊಡ್ಡ ಅಣೆಕಟ್ಟಿನದು ಅಲ್ಲ. ಎರಡರಲ್ಲೂ ಹರಿಯುವುದು ಅದೇ ಮಳೆನೀರು. ಈ ಪಟ್ಟಿಗಳು ಭೌತಶಾಸ್ತ್ರದ ಪಾಠಗಳಲ್ಲ. ಯಾವುದಕ್ಕೆ ಪ್ರೋತ್ಸಾಹ ಕೊಡಬೇಕು ಎಂಬ ತೀರ್ಮಾನಗಳು ಅವು.

ರಾಜ್ಯಗಳು ಎಷ್ಟು ಬಗೆಯಲ್ಲಿ ವ್ಯಾಖ್ಯೆ ಬರೆದಿವೆ?

ಸ್ಥೂಲವಾಗಿ ಮೂರು. ಒಂದು, ಹೆಸರಿಸಿದ ಪಟ್ಟಿ: ಸೌರ, ಗಾಳಿ, ಭೂಶಾಖ, ಅಲೆ, ಉಬ್ಬರವಿಳಿತ ಎಂದು ಎಣಿಸಿ ಅಲ್ಲಿಗೇ ಮುಗಿಸುವುದು. ನ್ಯೂಯಾರ್ಕ್‌ನ 2019ರ ಹವಾಮಾನ ಕಾಯ್ದೆಯ ‘ನವೀಕರಿಸಬಹುದಾದ ಇಂಧನ ವ್ಯವಸ್ಥೆ’ ಈ ಬಗೆಯದು. ಪಟ್ಟಿಯಲ್ಲಿ ಇಲ್ಲದ್ದು ಎಷ್ಟೇ ಶುದ್ಧವಾಗಿದ್ದರೂ ಹೊರಗೆ. ಎರಡು, ಗುಣವನ್ನು ಹೇಳುವ ವ್ಯಾಖ್ಯೆ: ‘ಮರುಪೂರಣಗೊಳ್ಳುವ’, ‘ಬರಿದಾಗದ’ ಎಂಬಂಥ ಪದಗಳು. ಇಲ್ಲಿ ವಾದಕ್ಕೆ ಜಾಗವಿದೆ, ವ್ಯಾಜ್ಯಕ್ಕೂ ಇದೆ. ಮೂರು, ಫಲಿತಾಂಶ ನೋಡುವ ವ್ಯಾಖ್ಯೆ: ಉತ್ಪಾದನೆಯಲ್ಲಿ ಹಸಿರುಮನೆ ಅನಿಲ ಬಿಡುತ್ತದೆಯೋ ಇಲ್ಲವೋ ಎಂಬುದಷ್ಟೇ ಪ್ರಶ್ನೆ. ಈ ಮೂರನೆಯ ಬಾಗಿಲಿನಿಂದ ಫ್ಯೂಷನ್ ತಲೆ ತಗ್ಗಿಸದೆ ಒಳಬರುತ್ತದೆ.

ಒಂದೇ ರಾಜ್ಯದಲ್ಲಿ ಎರಡು ಬಗೆಗಳು ಒಟ್ಟಿಗೆ ಇರುವುದೂ ಉಂಟು. ಮಿಷಿಗನ್‌ನ 2023ರ ಕಾನೂನು 2030ಕ್ಕೆ ಶೇ 50, 2035ಕ್ಕೆ ಶೇ 60 ನವೀಕರಿಸಬಹುದಾದ ಇಂಧನ ಬೇಕೆನ್ನುತ್ತದೆ. 2040ಕ್ಕೆ ಶೇ 100 ‘ಶುದ್ಧ’ ಇಂಧನದ ಗುರಿ ಬೇರೆ ಇದೆ, ಅದರಲ್ಲಿ ಪರಮಾಣು ವಿದ್ಯುತ್ತಿಗೂ ಜಾಗವಿದೆ. ಆದ್ದರಿಂದ ‘ಈ ರಾಜ್ಯದಲ್ಲಿ ಫ್ಯೂಷನ್ ನವೀಕರಿಸಬಹುದಾದದ್ದೇ?’ ಎಂಬ ಪ್ರಶ್ನೆಗಿಂತ ‘ಯಾವ ಗುರಿಗೆ, ಯಾವ ಕಲಂ ಅಡಿಯಲ್ಲಿ?’ ಎಂಬ ಪ್ರಶ್ನೆ ಉಪಯುಕ್ತ.

ವಾಷಿಂಗ್ಟನ್ ರಾಜ್ಯ ಏನು ಮಾಡಿತು?

ನಮ್ಮ ದೃಷ್ಟಿಯಲ್ಲಿ ಅತ್ಯಂತ ಸೊಗಸಾದ ಏರ್ಪಾಡು ಇಲ್ಲಿಯದು. 2019ರ ಶುದ್ಧ ಇಂಧನ ಪರಿವರ್ತನೆ ಕಾಯ್ದೆಯಲ್ಲಿ ‘ನವೀಕರಿಸಬಹುದಾದ ಸಂಪನ್ಮೂಲ’ ಎಂಬ ಪಟ್ಟಿ ಒಂದು, ‘ಹೊರಸೂಸದ ಉತ್ಪಾದನೆ’ ಎಂಬ ವರ್ಗ ಇನ್ನೊಂದು. ಎರಡನೆಯದರಲ್ಲಿ ತಂತ್ರಜ್ಞಾನದ ಹೆಸರೇ ಇಲ್ಲ. ವಿದ್ಯುತ್ ತಯಾರಿಸುವಾಗ ಉಪ ಉತ್ಪನ್ನವಾಗಿ ಹಸಿರುಮನೆ ಅನಿಲ ಬಿಡದಿದ್ದರೆ ಸಾಕು. 2045ರ ನೂರು ಪ್ರತಿಶತ ಗುರಿಗೆ ಎರಡೂ ಜಮೆಯಾಗುತ್ತವೆ. ರಿಚ್‌ಲ್ಯಾಂಡ್ ಬಳಿಯ ಕೊಲಂಬಿಯಾ ವಿದಳನ ಸ್ಥಾವರದ (ಬೀಜಗಳನ್ನು ಬೆಸೆಯದೆ ಒಡೆದು ಶಕ್ತಿ ಪಡೆಯುವ, ಇಂದು ಓಡುತ್ತಿರುವ ಬಗೆಯ ಪರಮಾಣು ಸ್ಥಾವರ) ವಿದ್ಯುತ್ತು ಲೆಕ್ಕಕ್ಕೆ ಬರುವುದು ಈ ವರ್ಗದಲ್ಲೇ. ಫ್ಯೂಷನ್‌ಗೂ ‘ನವೀಕರಿಸಬಹುದಾದ’ ಎಂಬ ಹಣೆಪಟ್ಟಿ ಬೇಕಾಗಿಲ್ಲ.

ಆ ರಾಜ್ಯ ಮುಂದೆ ಮಾಡಿದ್ದು ಅಕ್ಕಪಕ್ಕದ ಕಾನೂನುಗಳ ದುರಸ್ತಿ. 2024ರ ಮಸೂದೆ 1924 ಫ್ಯೂಷನ್ನನ್ನು ರಾಜ್ಯದ ಶುದ್ಧ ಇಂಧನ ನೀತಿಗಳೊಳಗೆ ತಂದಿತು. 2025ರ ಮಸೂದೆ 1018 ರಾಜ್ಯಮಟ್ಟದ ಸ್ಥಳ ಮಂಜೂರಾತಿ ಪಡೆಯಬಹುದಾದ ಸ್ಥಾವರಗಳ ಸಾಲಿಗೆ ಅದನ್ನು ಸೇರಿಸಿತು.

ನಾರ್ತ್ ಕ್ಯಾರೊಲಿನಾದ ದಾರಿ ಬೇರೆಯೇ?

ಹೌದು. ಅಲ್ಲಿ ಪಟ್ಟಿಗೆ ಹೆಸರು ಸೇರಿಸುವುದರ ಜೊತೆಗೆ ಪಟ್ಟಿಯ ಹೆಸರನ್ನೇ ಬದಲಾಯಿಸಿದರು. 2023ರ ಸೆನೆಟ್ ಮಸೂದೆ 678 ಹಳೆಯ ‘ನವೀಕರಿಸಬಹುದಾದ ಇಂಧನ’ ಮಾನದಂಡವನ್ನು ‘ಶುದ್ಧ ಇಂಧನ’ ಮಾನದಂಡವಾಗಿಸಿ, ವಿದಳನ ಮತ್ತು ಫ್ಯೂಷನ್ ಎರಡನ್ನೂ ಒಳಗೆ ತಂದಿತು. ಗವರ್ನರ್ ರಾಯ್ ಕೂಪರ್ ತಡೆಹಿಡಿದರು. 2023ರ ಅಕ್ಟೋಬರಿನಲ್ಲಿ ಶಾಸನಸಭೆ ಆ ತಡೆಯನ್ನು ಮೀರಿ ಅದನ್ನು ಕಾನೂನು ಮಾಡಿತು. ಇದರ ಅಡ್ಡಪರಿಣಾಮ ಗಮನಿಸಬೇಕಾದದ್ದು: ಗುರಿ ಮೊದಲಿನಷ್ಟೇ ಉಳಿದು ಪಟ್ಟಿ ಮಾತ್ರ ಹಿಗ್ಗಿದರೆ, ಹೊಸದಾಗಿ ಕಟ್ಟಲೇಬೇಕೆಂಬ ಒತ್ತಡ ಸಡಿಲವಾಗುತ್ತದೆ.

ಪರಮಾಣು ಸ್ಥಾವರಗಳಿಗೆ ನಿಷೇಧ ಇರುವ ರಾಜ್ಯಗಳಲ್ಲಿ ಫ್ಯೂಷನ್ ಕೂಡ ನಿಷಿದ್ಧವೇ?

ಒಂದೊಂದು ಪದ ಎಷ್ಟು ಭಾರ ಹೊರುತ್ತದೆ ಎಂಬುದಕ್ಕೆ ಇಲ್ಲಿದೆ ಉದಾಹರಣೆ. ಕ್ಯಾಲಿಫೋರ್ನಿಯಾದ 1976ರ ತಡೆಯಾಜ್ಞೆ ಹೇಳುವುದು ‘ಬೈಜಿಕ ವಿದಳನ ಶಾಖ ಸ್ಥಾವರ’ ಎಂದು. ವಿದಳನ ಎಂಬ ಪದ ಇರುವುದರಿಂದ ಫ್ಯೂಷನ್ ಅದರ ಹೊರಗೆ. ಮಿನ್ನೆಸೋಟದ 1994ರ ತಡೆ ಹೇಳುವುದು ‘ಹೊಸ ಪರಮಾಣು ಚಾಲಿತ ವಿದ್ಯುತ್ ಸ್ಥಾವರ’ಕ್ಕೆ ಅಗತ್ಯ ಪ್ರಮಾಣಪತ್ರ ಕೊಡಕೂಡದೆಂದು. ಇಲ್ಲಿ ವಿದಳನದ ಮಾತೇ ಇಲ್ಲ. ಫ್ಯೂಷನ್ ಕೂಡ ಪರಮಾಣು ಬೀಜದಿಂದಲೇ ಶಕ್ತಿ ಪಡೆಯುತ್ತದೆ ಎಂದು ಯಾರಾದರೂ ವಾದಿಸಿದರೆ ತಳ್ಳಿಹಾಕುವುದು ಸುಲಭವಲ್ಲ. ಅದೇ ಮಿನ್ನೆಸೋಟ 2023ರಲ್ಲಿ, 2040ಕ್ಕೆ ನೂರಕ್ಕೆ ನೂರು ಇಂಗಾಲಮುಕ್ತ ವಿದ್ಯುತ್ತಿನ ಗುರಿ ಇಟ್ಟುಕೊಂಡಿದೆ. ಗುರಿಗೆ ಜಮೆಯಾಗಬಹುದಾದ ಸ್ಥಾವರವನ್ನು ಕಟ್ಟಲು ಅನುಮತಿಯೇ ಸಿಗದಿರಬಹುದಾದ ಸ್ಥಿತಿ ಅದು.

ವರ್ಜೀನಿಯಾದಲ್ಲಿ ತೊಡಕು ಏನು?

2020ರಲ್ಲಿ ಕ್ಲೀನ್ ಎಕಾನಮಿ ಕಾಯ್ದೆ ಬಂದಾಗ ರಾಜ್ಯ ಸಂಹಿತೆಯಲ್ಲಿದ್ದ ‘ನವೀಕರಿಸಬಹುದಾದ ಇಂಧನ’ದ ವ್ಯಾಖ್ಯೆ ಒಂದು ಹೊರಗಿಡುವ ವಾಕ್ಯದಿಂದ ಮುಗಿಯುತ್ತಿತ್ತು: ಕಲ್ಲಿದ್ದಲು, ತೈಲ, ನೈಸರ್ಗಿಕ ಅನಿಲ, ಪರಮಾಣು ಶಕ್ತಿ ಇದರಲ್ಲಿ ಸೇರಿಲ್ಲ. ಅದೇ ಕಾಯ್ದೆಯ ‘ಶೂನ್ಯ ಇಂಗಾಲದ ವಿದ್ಯುತ್ತು’ ಮಾತ್ರ ಇಂಧನ ಸುಟ್ಟು ಇಂಗಾಲದ ಡೈಆಕ್ಸೈಡ್ ಬಿಡದ ಯಾವುದೇ ಘಟಕಕ್ಕೆ ಅನ್ವಯಿಸುವಂತೆ ಬರೆದದ್ದು. ಒಂದು ಬಾಗಿಲು ಮುಚ್ಚಿದೆ, ಪಕ್ಕದ್ದು ತೆರೆದಿದೆ. ಇಂಥ ಕಡೆ ಮೇಲಿನ ಪಟ್ಟಿಗೆ ‘ಫ್ಯೂಷನ್’ ಎಂದು ಸೇರಿಸಿ, ಕೆಳಗಿನ ಹೊರಗಿಡುವ ವಾಕ್ಯವನ್ನು ಮುಟ್ಟದೆ ಬಿಟ್ಟರೆ ಎರಡೂ ಒಂದಕ್ಕೊಂದು ಅಡ್ಡ ಬರುತ್ತವೆ. ಕರಡು ಬರೆಯುವವರು ಹೆಚ್ಚಾಗಿ ಎಡವುವುದು ಇಂಥ ಜಾಗದಲ್ಲೇ.

ಅಮೆರಿಕದ ಕೇಂದ್ರ ಸರ್ಕಾರದ ಕಾನೂನು ಏನು ಹೇಳುತ್ತದೆ?

ನವೀಕರಿಸಬಹುದಾದದ್ದು ಎಂದು ಹೇಳುವುದಿಲ್ಲ. 2005ರ ಇಂಧನ ನೀತಿ ಕಾಯ್ದೆ ಸರ್ಕಾರಿ ಕಚೇರಿಗಳ ಖರೀದಿಗೆ ಮಾಡಿದ ಪಟ್ಟಿಯಲ್ಲಿ ಫ್ಯೂಷನ್ ಇಲ್ಲ. ತೆರಿಗೆ ರಿಯಾಯಿತಿಯ ಕಡೆ ಚಿತ್ರ ಬೇರೆ: 2025ರ ಜನವರಿಯ ಅಂತಿಮ ನಿಯಮಗಳು ಶುದ್ಧ ವಿದ್ಯುತ್ತಿನ ರಿಯಾಯಿತಿಗೆ ಅರ್ಹವಾದವುಗಳಲ್ಲಿ ಗಾಳಿ, ಸೌರ, ವಿದಳನದ ಜೊತೆ ಫ್ಯೂಷನ್ನನ್ನೂ ಹೆಸರಿಸಿದವು.

ಪರವಾನಗಿಯ ವಿಷಯದಲ್ಲಿ 2023ರ ಏಪ್ರಿಲಿನಲ್ಲಿ ಪರಮಾಣು ನಿಯಂತ್ರಣ ಆಯೋಗ ದೊಡ್ಡ ತೀರ್ಮಾನ ಮಾಡಿತು. ಫ್ಯೂಷನ್ ಯಂತ್ರಗಳನ್ನು ರಿಯಾಕ್ಟರುಗಳಂತೆ ಕಾಣದೆ, ವೇಗವರ್ಧಕ ಯಂತ್ರಗಳಿಗೆ ಅನ್ವಯಿಸುವ ಉಪ ಉತ್ಪನ್ನ ವಸ್ತುಗಳ ನಿಯಮದಡಿ ಇಡುವುದೆಂದು. 2024ರ ಜುಲೈನ ಅಡ್ವಾನ್ಸ್ ಕಾಯ್ದೆ ‘ಫ್ಯೂಷನ್ ಯಂತ್ರ’ಕ್ಕೆ ಶಾಸನಬದ್ಧ ಅರ್ಥ ಕೊಟ್ಟಿತು: ಸಮ್ಮಿಲನದ ಮೂಲಕ ಪರಮಾಣು ಬೀಜಗಳನ್ನು ಬೇರೆ ಧಾತು, ಐಸೊಟೋಪ್ ಅಥವಾ ಕಣಗಳಾಗಿ ಬದಲಿಸುವ, ಮತ್ತು ಅದರಿಂದ ಬಂದ ಕಣ, ಶಾಖ, ವಿಕಿರಣವನ್ನು ನೇರವಾಗಿ ಹಿಡಿದು ಬಳಸುವ ಸಾಮರ್ಥ್ಯವುಳ್ಳ ಯಂತ್ರ.

ಒಳ್ಳೆಯ ತಿದ್ದುಪಡಿ ಬರೆಯಬೇಕಾದರೆ ಎಲ್ಲಿಂದ ಶುರು ಮಾಡಬೇಕು?

ಮೊದಲು ರಾಜ್ಯ ಸಂಹಿತೆಯಲ್ಲಿ ‘ನವೀಕರಿಸಬಹುದಾದ’, ‘ಶುದ್ಧ’, ‘ಶೂನ್ಯ ಇಂಗಾಲ’, ‘ಪರಮಾಣು’ ಎಂಬ ಪದಗಳು ಎಲ್ಲೆಲ್ಲಿವೆ ಎಂದು ಹುಡುಕಿ ಪಟ್ಟಿ ಮಾಡಿ. ಖರೀದಿ ಗುರಿಯ ಅಧ್ಯಾಯದಲ್ಲಿ ಮಾತ್ರವಲ್ಲ, ಆಸ್ತಿ ತೆರಿಗೆ, ಸ್ಥಳ ಮಂಜೂರಾತಿ, ಸರ್ಕಾರಿ ಕಟ್ಟಡಗಳ ಖರೀದಿ, ಸ್ಥಾವರ ಕಳಚುವ ನಿಧಿ, ವಿಕಿರಣ ನಿಯಂತ್ರಣ ಅಧ್ಯಾಯಗಳಲ್ಲೂ ಅವು ಬೇರೆ ಬೇರೆ ಅರ್ಥದಲ್ಲಿ ಕೂತಿರುತ್ತವೆ. ಒಂದನ್ನು ತಿದ್ದಿ ಉಳಿದವನ್ನು ಬಿಟ್ಟರೆ, ಖರೀದಿಗೆ ಅರ್ಹವಾದ ಸ್ಥಾವರ ತೆರಿಗೆಗೆ ‘ಪರಮಾಣು ಸ್ಥಾವರ’ ಆಗಿಬಿಡಬಹುದು.

ಆಮೇಲೆ ವ್ಯಾಖ್ಯೆ. ಹೊಸದಾಗಿ ಬರೆಯುವ ಬದಲು ಮೇಲೆ ಹೇಳಿದ ಕೇಂದ್ರ ಕಾನೂನಿನ ‘ಫ್ಯೂಷನ್ ಯಂತ್ರ’ದ ಅರ್ಥವನ್ನೇ ಉಲ್ಲೇಖಿಸುವುದು ಲೇಸು. ಸ್ವಂತ ವ್ಯಾಖ್ಯೆ ಬರೆಯುವವರು ಎರಡು ರೀತಿಯಲ್ಲಿ ತಪ್ಪುತ್ತಾರೆ. ‘ಕಾಂತಕ್ಷೇತ್ರದಲ್ಲಿ ಹಿಡಿದಿಟ್ಟ ಡ್ಯೂಟೀರಿಯಂ-ಟ್ರಿಟಿಯಂ ಪ್ಲಾಸ್ಮಾ’ ಎಂದು ಬರೆದರೆ ಲೇಸರ್ ವಿಧಾನವೂ, ಹೀಲಿಯನ್‌ನಂತೆ ಡ್ಯೂಟೀರಿಯಂ ಮತ್ತು ಹೀಲಿಯಂ-3 ಬಳಸುವವರೂ ಹೊರಗುಳಿಯುತ್ತಾರೆ. ಬರೀ ‘ಪರಮಾಣು ಇಂಧನ’ ಎಂದು ಬರೆದರೆ ದಶಕಗಳಿಂದ ಓಡುತ್ತಿರುವ ವಿದಳನ ಸ್ಥಾವರಗಳು ರಾತ್ರೋರಾತ್ರಿ ಅರ್ಹವಾಗಿ, ಗುರಿ ಒಂದು ಕಂಬವನ್ನೂ ನೆಡದೆ ಪೂರೈಸಿದಂತಾಗುತ್ತದೆ. ವಿದಳನವನ್ನೂ ಸೇರಿಸಬೇಕೆಂಬುದು ಶಾಸಕರ ಇಚ್ಛೆಯಾದರೆ ಸೇರಿಸಲಿ. ಅದು ತಿಳಿದು ಮಾಡಿದ ಆಯ್ಕೆಯಾಗಿರಬೇಕು, ಪದ ಜಾರಿ ಆದದ್ದಲ್ಲ.

ಮೂರನೆಯದಾಗಿ, ಎಲ್ಲಿ ಇಡಬೇಕು. ನಮ್ಮ ಸಲಹೆ ಸ್ಪಷ್ಟ: ‘ನವೀಕರಿಸಬಹುದಾದ’ ಪಟ್ಟಿಗೆ ತುರುಕಬೇಡಿ. ಹೊರಸೂಸದ ವರ್ಗ ಇದ್ದರೆ ಅಲ್ಲಿ ಹೆಸರಿಸಿ, ಇಲ್ಲದಿದ್ದರೆ ಪ್ರತ್ಯೇಕ ವರ್ಗ ಮಾಡಿ. ‘ನವೀಕರಿಸಬಹುದಾದ’ ಎಂಬ ಪದವನ್ನು ನಂಬಿ ಹಸಿರು ವಿದ್ಯುತ್ತಿಗೆ ಹೆಚ್ಚು ಹಣ ಕೊಡುವ ಗ್ರಾಹಕರಿದ್ದಾರೆ. ಅವರಿಗೆ ಆ ಪದದ ಅರ್ಥ ಸೂರ್ಯ, ಗಾಳಿ, ನೀರು.

ಕೊನೆಯಲ್ಲಿ ದಿನಾಂಕ. ಕಾನೂನು ಜಾರಿಗೆ ಬಂದ ಮೇಲೆ ವಾಣಿಜ್ಯ ಉತ್ಪಾದನೆ ಶುರು ಮಾಡಿದ ಸ್ಥಾವರಕ್ಕೆ ಮಾತ್ರ ಎಂದು ಬರೆಯಿರಿ. ‘ವಾಣಿಜ್ಯ ಉತ್ಪಾದನೆ’ ಎಂದರೆ ಏನೆಂದೂ ಬರೆಯಿರಿ, ಇಲ್ಲವಾದರೆ ಪ್ರಯೋಗದ ಯಂತ್ರದ ಪರೀಕ್ಷಾ ಓಟವೂ ಲೆಕ್ಕಕ್ಕೆ ಬರುತ್ತದೆ.

ಮೀಟರ್ ಎಲ್ಲಿ ಕೂರಿಸಬೇಕು ಎಂಬುದು ಅಷ್ಟು ದೊಡ್ಡ ವಿಷಯವೇ?

ಫ್ಯೂಷನ್ ಮಟ್ಟಿಗೆ ಬಹಳ ದೊಡ್ಡ ವಿಷಯ. ಗಾಳಿಯಂತ್ರ ತನ್ನ ಸ್ವಂತಕ್ಕೆ ಬಳಸುವ ವಿದ್ಯುತ್ತು ಅತ್ಯಲ್ಪ. ಫ್ಯೂಷನ್ ಸ್ಥಾವರದಲ್ಲಿ ಪ್ಲಾಸ್ಮಾ ಕಾಯಿಸಲು, ಅತಿವಾಹಕ ಕಾಂತಗಳನ್ನು ತಂಪಾಗಿಡಲು, ಪಂಪುಗಳಿಗೆ, ಟ್ರಿಟಿಯಂ ಸಂಸ್ಕರಣೆಗೆ ಉತ್ಪಾದನೆಯ ಗಣನೀಯ ಭಾಗ ಒಳಗೇ ತಿರುಗುತ್ತದೆ. 2022ರ ಡಿಸೆಂಬರ್ 5ರಂದು ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದಲ್ಲಿ ಇಂಧನದ ಗುಳಿಗೆಯಿದ್ದ ಪುಟ್ಟ ಕೋಶಕ್ಕೆ ತಲುಪಿದ ಲೇಸರ್ ಶಕ್ತಿ 2.05 ಮೆಗಾಜೂಲ್, ಹೊರಬಂದದ್ದು 3.15. ಸುದ್ದಿಯಾದದ್ದು ಅಷ್ಟೇ. ಆ ಲೇಸರುಗಳು ಗ್ರಿಡ್ಡಿನಿಂದ ಎಳೆದದ್ದು ಸುಮಾರು 300 ಮೆಗಾಜೂಲ್. ಅದು ವಿದ್ಯುತ್ತಿಗಾಗಿ ಕಟ್ಟಿದ ಯಂತ್ರವಲ್ಲ, ನಿಜ. ಆದರೆ ‘ಲಾಭ’ ಎಂಬ ಪದವನ್ನು ಎಲ್ಲಿ ಅಳೆದರು ಎಂದು ಕೇಳಲೇಬೇಕು ಎಂಬ ಪಾಠ ಅಲ್ಲಿದೆ.

ಗುರಿಗೆ ಜಮೆಯಾಗುವ ವಿದ್ಯುತ್ತಿಗೆ ಕೊಡುವ ಪ್ರಮಾಣಪತ್ರಗಳ ಲೆಕ್ಕ ಸರಳ: ಒಂದು ಮೆಗಾವ್ಯಾಟ್ ಅವರ್‌ಗೆ ಒಂದು. ಉದಾಹರಣೆಗೆ, ಜನರೇಟರಿನಲ್ಲಿ 500 ಮೆಗಾವ್ಯಾಟ್ ಬರುವ ಸ್ಥಾವರ 150 ಮೆಗಾವ್ಯಾಟನ್ನು ತಾನೇ ಬಳಸಿ 350ನ್ನು ಹೊರಗೆ ಕೊಡುತ್ತದೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ 8,000 ಗಂಟೆ ಓಡಿದರೆ ಜನರೇಟರಿನ ಮೀಟರ್ ಪ್ರಕಾರ 40 ಲಕ್ಷ ಪ್ರಮಾಣಪತ್ರ, ಗ್ರಿಡ್ ಜೋಡಣೆಯ ಮೀಟರ್ ಪ್ರಕಾರ 28 ಲಕ್ಷ. ನಡುವಿನ 12 ಲಕ್ಷ ಯಾರ ಮನೆಯ ದೀಪವನ್ನೂ ಉರಿಸಿಲ್ಲ. ಆದ್ದರಿಂದ ‘ಗ್ರಿಡ್ಡಿಗೆ ಕೊಟ್ಟ ನಿವ್ವಳ ವಿದ್ಯುತ್ತು’ ಎಂಬ ಪದಗಳು ಕಾನೂನಿನಲ್ಲೇ ಇರಲಿ. ಪ್ರಾರಂಭಿಸಲು ಗ್ರಿಡ್ಡಿನಿಂದ ಎಳೆದುಕೊಂಡದ್ದನ್ನೂ ಕಳೆಯಬೇಕು. ಮಿಡಿತದಂತೆ ಬಿಟ್ಟುಬಿಟ್ಟು ಓಡುವ ಯಂತ್ರಗಳಲ್ಲಿ ಕೊಡುವುದೂ ಎಳೆಯುವುದೂ ಮತ್ತೆಮತ್ತೆ ನಡೆಯುತ್ತದೆ. ಅಲ್ಲಿ ಕಳೆಯುವ ಲೆಕ್ಕ ಗಂಟೆಗೋ ತಿಂಗಳಿಗೋ ಎಂಬುದನ್ನೂ ನಿಯಮದಲ್ಲಿ ಹೇಳಬೇಕು.

ಇದರಿಂದ ಸೌರ, ಗಾಳಿ ವಿದ್ಯುತ್ತಿಗೆ ಪೆಟ್ಟು ಬೀಳುತ್ತದೆಯೇ?

ಸ್ಥಾವರ ಓಡುವವರೆಗೆ ನೇರ ಪರಿಣಾಮ ಸೊನ್ನೆ. ಅಪಾಯ ಇರುವುದು ಕಾಯುವುದರಲ್ಲಿ. ‘ಮುಂದೆ ಫ್ಯೂಷನ್ ಬರುತ್ತದೆ’ ಎಂದು 2030ರ ಗುರಿಗೆ ಬೇಕಾದ ಒಪ್ಪಂದಗಳನ್ನು ಕಂಪನಿ ಮುಂದೂಡಿದರೆ ನಷ್ಟ ಈಗಲೇ. ನವೀಕರಿಸಬಹುದಾದ ಇಂಧನದ ಪಾಲನ್ನು ಮುಟ್ಟದೆ, ಉಳಿದ ಪಾಲಿನಲ್ಲಿ ಮಾತ್ರ ಫ್ಯೂಷನ್‌ಗೆ ಜಾಗ ಕೊಡುವುದು ಇದಕ್ಕೆ ಮದ್ದು.

ತ್ಯಾಜ್ಯ ಇದೆಯಲ್ಲ? ಅದನ್ನೂ ಶುದ್ಧ ಎನ್ನಬಹುದೇ?

ಇದೆ. ಬಳಸಿದ ಯುರೇನಿಯಂ ಕಂಬಿಗಳಂಥ ಸಹಸ್ರಾರು ವರ್ಷಗಳ ಹೊರೆ ಇಲ್ಲ, ಸರಪಳಿ ಕ್ರಿಯೆ ಕೈಮೀರುವ ಪ್ರಶ್ನೆಯೂ ಇಲ್ಲ. ಆದರೆ ಡ್ಯೂಟೀರಿಯಂ-ಟ್ರಿಟಿಯಂ ಕ್ರಿಯೆಯ 17.6 ಎಂಇವಿ (ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್) ಶಕ್ತಿಯಲ್ಲಿ 14.1ರಷ್ಟನ್ನು ನ್ಯೂಟ್ರಾನ್ ಹೊತ್ತೊಯ್ಯುತ್ತದೆ. ಅದು ಬಡಿದ ಉಕ್ಕು ವಿಕಿರಣಶೀಲವಾಗುತ್ತದೆ. ಒಳಗೋಡೆಯ ಭಾಗಗಳನ್ನು ಆಗಾಗ ಬದಲಿಸಬೇಕು, ತೆಗೆದದ್ದನ್ನು ಕೆಳಮಟ್ಟದ ವಿಕಿರಣ ತ್ಯಾಜ್ಯವಾಗಿ ಹೂಳಬೇಕು. ಅಮೆರಿಕದಲ್ಲಿ ಆ ಬಗೆಯ ತ್ಯಾಜ್ಯದ ವಿಲೇವಾರಿ ರಾಜ್ಯಗಳ ಹೊಣೆ. ವಾಷಿಂಗ್ಟನ್‌ನಲ್ಲಿ ರಿಚ್‌ಲ್ಯಾಂಡ್ ನೆಲಭರ್ತಿ ಇದೆ, ಎಲ್ಲ ರಾಜ್ಯಗಳಿಗೂ ಹಾಗೆ ಮನೆಯಂಗಳದ ಅನುಕೂಲ ಇಲ್ಲ. ಪರಮಾಣು ನಿಯಂತ್ರಣ ಆಯೋಗದೊಡನೆ ಒಪ್ಪಂದವಿರುವ ರಾಜ್ಯಗಳಲ್ಲಿ ಪರವಾನಗಿ ಕೊಡುವುದು ರಾಜ್ಯದ್ದೇ ವಿಕಿರಣ ವಿಭಾಗ. ಶಾಸನಸಭೆ ವ್ಯಾಖ್ಯೆ ಬದಲಿಸಿದ ದಿನವೇ ಆ ವಿಭಾಗಕ್ಕೆ ಬೇಕಾದ ಸಿಬ್ಬಂದಿಯ ಹಣಕ್ಕೂ ದಾರಿ ಮಾಡಬೇಕು.

ನಮ್ಮ ಮನೆಯ ಬಿಲ್ ಬದಲಾಗುತ್ತದೆಯೇ?

ವ್ಯಾಖ್ಯೆ ಬದಲಾದ ಮಾತ್ರಕ್ಕೆ ಇಲ್ಲ. ಬಿಲ್ಲಿಗೆ ತಟ್ಟುವುದು ಕಂಪನಿ ದೀರ್ಘಾವಧಿ ಖರೀದಿ ಒಪ್ಪಂದ ಮಾಡಿ, ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ ಅದನ್ನು ಒಪ್ಪಿದಾಗ.

ಕರ್ನಾಟಕ ವಿಧಾನಸಭೆ ಇಂಥದ್ದೇ ಕಾನೂನು ಮಾಡಬಹುದೇ?

ಅಷ್ಟು ಸ್ವಾತಂತ್ರ್ಯ ಇಲ್ಲ. ನಮ್ಮ ಸಂವಿಧಾನದಲ್ಲಿ ವಿದ್ಯುತ್ತು ಸಮವರ್ತಿ ಪಟ್ಟಿಯ 38ನೇ ನಮೂದು, ಪರಮಾಣು ಶಕ್ತಿ ಕೇಂದ್ರ ಪಟ್ಟಿಯ 6ನೇ ನಮೂದು. 1962ರ ಪರಮಾಣು ಶಕ್ತಿ ಕಾಯ್ದೆ ‘ವಿದಳನ ಮತ್ತು ಸಮ್ಮಿಲನ ಸೇರಿದಂತೆ ಯಾವುದೇ ಪ್ರಕ್ರಿಯೆಯಿಂದ’ ಬೀಜಗಳು ಬಿಡುವ ಶಕ್ತಿಯನ್ನೆಲ್ಲ ಪರಮಾಣು ಶಕ್ತಿ ಎಂದಿತ್ತು. ಆ ಕಾಯ್ದೆಯ ಬದಲಿಗೆ ಹೊಸದನ್ನು ಸಂಸತ್ತು 2025ರ ಡಿಸೆಂಬರಿನಲ್ಲಿ ಅಂಗೀಕರಿಸಿತು. ಅಮೆರಿಕದ ವಕೀಲರು ತಲೆಕೆಡಿಸಿಕೊಳ್ಳುವ ‘ಫ್ಯೂಷನ್ ಪರಮಾಣು ಹೌದೋ ಅಲ್ಲವೋ’ ಎಂಬ ಪ್ರಶ್ನೆಗೆ ಇಲ್ಲಿ ಅರವತ್ತು ವರ್ಷಗಳ ಹಿಂದೆಯೇ ಉತ್ತರ ಬರೆದಿದ್ದರು.

ರಾಜ್ಯದ ಕೈಯಲ್ಲಿ ಇರುವುದು ಖರೀದಿಯ ಕಡೆ. 2003ರ ವಿದ್ಯುತ್ ಕಾಯ್ದೆಯ 86(1)(ಇ) ಕಲಂ ಪ್ರಕಾರ ಎಸ್ಕಾಂಗಳು ನವೀಕರಿಸಬಹುದಾದ ಮೂಲಗಳಿಂದ ಎಷ್ಟು ಪಾಲು ಕೊಳ್ಳಬೇಕೆಂದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ನಿಗದಿ ಮಾಡುತ್ತದೆ. ಕೇಂದ್ರದ ಗುರಿ 2029–30ಕ್ಕೆ ಶೇ 43.33. ಕೈಗಾದ ನಾಲ್ಕು ಘಟಕಗಳ 880 ಮೆಗಾವ್ಯಾಟ್ ಸಾಮರ್ಥ್ಯ ಇಂಗಾಲ ಬಿಡದಿದ್ದರೂ ಈ ಲೆಕ್ಕಕ್ಕೆ ಬರುವುದಿಲ್ಲ. ಕೈಗಾಕ್ಕೆ ಇಲ್ಲದ ಜಾಗ ಫ್ಯೂಷನ್‌ಗೆ ಯಾಕೆ ಎಂಬ ಪ್ರಶ್ನೆ ಇಲ್ಲಿ ಮೊದಲು ಬರುತ್ತದೆ. ಸಂಶೋಧನೆಯ ಮಟ್ಟಿಗೆ ದೇಶದ ಕೆಲಸ ನಡೆಯುತ್ತಿರುವುದು ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯಲ್ಲಿ, 1989ರ ‘ಆದಿತ್ಯ’ ಟೋಕಮಾಕ್ (ಕಾಂತಕ್ಷೇತ್ರದಲ್ಲಿ ಪ್ಲಾಸ್ಮಾ ಹಿಡಿದಿಡುವ ಯಂತ್ರ) ಕಾಲದಿಂದ.

ನಾವಿರುವ ಅಮೆರಿಕದ ರಾಜ್ಯದಲ್ಲಿ ಇಂಥ ಮಸೂದೆಯ ಮೇಲೆ ಸಾರ್ವಜನಿಕ ವಿಚಾರಣೆ ಇದೆ. ಮಾತಾಡಲು ಎರಡೇ ನಿಮಿಷ. ಏನು ಕೇಳಲಿ?

ಪರ, ವಿರೋಧ ಎಂದು ಭಾಷಣ ಮಾಡಿದರೆ ಎರಡು ನಿಮಿಷ ಹಾಗೇ ಕಳೆದುಹೋಗುತ್ತದೆ. ಕಲಂ ಸಂಖ್ಯೆ ಹೇಳಿ ಕೇಳಿ. ಈ ವ್ಯಾಖ್ಯೆ ಬದಲಾದರೆ ಇಂದು ಓಡುತ್ತಿರುವ ಯಾವುದಾದರೂ ಸ್ಥಾವರ ಹೊಸದಾಗಿ ಅರ್ಹವಾಗುತ್ತದೆಯೇ? ಪ್ರಮಾಣಪತ್ರ ಕೊಡುವುದು ಜನರೇಟರಿನ ಮೀಟರ್ ನೋಡಿಯೋ, ಗ್ರಿಡ್ ಜೋಡಣೆಯ ಮೀಟರ್ ನೋಡಿಯೋ? ಹೊರಗಿಡುವ ವಾಕ್ಯದಲ್ಲಿ ‘ಪರಮಾಣು’ ಎಂಬ ಪದ ಹಾಗೇ ಉಳಿದಿದೆಯೇ? ವಿಕಿರಣ ವಿಭಾಗದ ವೆಚ್ಚವನ್ನು ಹಣಕಾಸು ಟಿಪ್ಪಣಿಯಲ್ಲಿ ತೋರಿಸಿದ್ದಾರೆಯೇ? ಸಮಯ ಉಳಿದರೆ, ಸ್ಥಾವರ ಕಳಚುವ ಖರ್ಚಿನ ಠೇವಣಿ ಯಾರು, ಯಾವಾಗ ಇಡುತ್ತಾರೆ ಎಂದು ಕೇಳಿ. ನಿಮ್ಮ ಪ್ರಶ್ನೆಗಳನ್ನು ಬರಹದಲ್ಲೂ ಸಮಿತಿಯ ಗುಮಾಸ್ತರಿಗೆ ಕೊಡಿ, ಅವು ದಾಖಲೆಗೆ ಸೇರುತ್ತವೆ.